ಯಲ್ಲಾಪುರದ ಲ್ಯಾಬಿಗೆ ತೆರೆದಿಟ್ಟ ಬಾಗಿಲು

ಆಧಾರ್ ಕಾರ್ಡು, ಕಂಪನಿಯ ಪತ್ರ, ಬ್ಯಾಂಕಿನ ಪಾಸ್‌ಬುಕ್ಕು, ಬಳ್ಳಾರಿಯ ಹಳೆಯ ಮನೆ ಮಾಲೀಕರ ಚೀಟಿ, ಇಷ್ಟನ್ನೂ ಪ್ಲಾಸ್ಟಿಕ್ ಫೈಲಿನಲ್ಲಿಟ್ಟುಕೊಂಡು ಶಿರಸಿಯಲ್ಲಿ ಬಾಡಿಗೆ ಮನೆ ಕೇಳಲು ಹೋದೆ. ಮನೆಯೊಡತಿ ಫೈಲನ್ನು ಮುಟ್ಟಲೂ ಇಲ್ಲ. "ಅದೆಲ್ಲ ಎಂತಕ್ಕೆ? ನೀವು ಯಾರ ಪೈಕಿ?" ಎಂದು ಕೇಳಿದರು. "ಯಾರ ಪೈಕಿನೂ ಅಲ್ರೀ" ಅಂದೆ. ಮನೆ ಖಾಲಿ ಇಲ್ಲವೆಂದರು. ನನ್ನ ಕಣ್ಣೆದುರಿಗೇ ಗೇಟಿನ ಮೇಲೆ 'ಬಾಡಿಗೆಗೆ ಇದೆ' ಎಂಬ ಬೋರ್ಡು ತೂಗಾಡುತ್ತಿತ್ತು!

ಮರುದಿನ ಆಫೀಸಿನಲ್ಲಿ ಇದನ್ನು ಹೇಳಿಕೊಂಡು ಕೂಗಾಡಿದೆ. ಪಕ್ಕದ ಮೇಜಿನ ಸುಬ್ರಾಯ ಹೆಗಡೆಯವರು ನನಗಿಂತ ಹತ್ತು ವರ್ಷ ದೊಡ್ಡವರು, ಪ್ರೋಗ್ರಾಂ ಬರೆಯುವುದರಲ್ಲಿ ಪಳಗಿದ ಕೈ. ಅವರು ಫೋನೆತ್ತಿ, "ನಮ್ಮವ್ರೇಯ, ಕೊಡಿ" ಅಂದರು. ಅಷ್ಟೇ. ಸಂಜೆಗೆ ಅದೇ ಮನೆ, ಅದೇ ಒಡತಿ. "ಬನ್ನಿ ಬನ್ನಿ, ಆಸ್ರಿಗೆ ಎಂತ ಕೊಡ್ಲಿ?" ಎಂಬ ಉಪಚಾರ ಬೇರೆ. ಆಸ್ರಿಗೆ ಎಂದರೆ ಮನೆಗೆ ಬಂದವರಿಗೆ ಮೊದಲು ಕುಡಿಯಲು ಕೊಡುವುದು. ಸುಬ್ರಾಯಣ್ಣನಿಗೆ ನನ್ನ ಪರಿಚಯವಾಗಿ ಆಗ ಆರೇ ದಿನ. ನಾನು ಕಳ್ಳಿಯೋ ಸುಳ್ಳಿಯೋ ಅವರಿಗೇನು ಗೊತ್ತು? ಆ ರಾತ್ರಿ ಸಿಟ್ಟು ಬರಬೇಕೋ ನಗು ಬರಬೇಕೋ ತಿಳಿಯದೆ ಬರಿ ನೆಲದ ಮೇಲೆ ಮಲಗಿದೆ.

ಊಟವೂ ಹಾಗೆಯೇ ಬೆಚ್ಚಿಬೀಳಿಸಿತು. ಒಡತಿ ಕೊಟ್ಟ ತಂಬುಳಿಯನ್ನು ಸಾರೆಂದುಕೊಂಡು ಬಿಸಿ ಮಾಡಿದೆ. ಅದು ಎಲೆ ಅರೆದು ಮಜ್ಜಿಗೆಗೆ ಕಲಸಿದ್ದು, ತಣ್ಣಗೇ ಉಣ್ಣುವಂಥದ್ದು. ಒಡೆದು ಹಾಳಾಯಿತು. ನಮ್ಮಲ್ಲಿ ಸಂಜೆಯಾದರೆ ಒಗ್ಗರಣೆ ಮಂಡಕ್ಕಿ, ಮಿರ್ಚಿ, ಗಂಟಲು ಹರಿಯುವ ಹರಟೆ. ಇಲ್ಲಿ ಮನೆಗೆ ಬಂದು ಬಾಗಿಲು ಹಾಕಿದರೆ ನನ್ನ ಜೊತೆ ಮಾತಾಡಲು ಕುಕ್ಕರು ಮಾತ್ರ. ಎಷ್ಟೋ ದಿನ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಇನ್ನು ನನ್ನ ಕೆಲಸ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕೆಲವು ರಕ್ತಪರೀಕ್ಷೆಯ ಲ್ಯಾಬುಗಳು ವರದಿಗಳನ್ನು ನಮ್ಮ ವೆಬ್ ಸರ್ವರಿನಲ್ಲಿ ಇಡುತ್ತವೆ, ಬೇಕಾದಾಗ ತೆಗೆಯುತ್ತವೆ. ದಾರಿಯಲ್ಲಿ ಯಾರೂ ಓದದಂತೆ ಅವನ್ನು ಗುಪ್ತಲಿಪಿಗೆ ತಿರುಗಿಸುವ ಎನ್‌ಕ್ರಿಪ್ಷನ್ ಮಾಡ್ಯೂಲನ್ನು ನಾನು ಬರೆಯಬೇಕಿತ್ತು. ಗುಪ್ತಲಿಪಿಯೊಂದೇ ಸಾಲದು, ಎದುರಿಗಿರುವವರು ಯಾರೆಂದು ಮೊದಲು ಖಾತ್ರಿಯಾಗಬೇಕು. ಇಲ್ಲದಿದ್ದರೆ ಕಳ್ಳನ ಕಿವಿಯಲ್ಲೇ ಗುಟ್ಟು ಹೇಳಿದ ಹಾಗೆ. ಅದಕ್ಕೆ ಪ್ರತಿ ಲ್ಯಾಬಿಗೂ ನಮ್ಮ ಡಿಜಿಟಲ್ ರುಜು ಇರುವ ಒಂದು ಸರ್ಟಿಫಿಕೇಟು. ಸರ್ವರ್ ಆ ರುಜು ನೋಡಿ, ಅವಧಿ ನೋಡಿ, ಆಮೇಲೆ ಮಾತಿಗೆ ಕೂರುತ್ತದೆ.

ಮೂರು ತಿಂಗಳು ಬೆವರು ಹರಿಸಿ ಬರೆದು ತೋರಿಸಿದಾಗ ಸುಬ್ರಾಯಣ್ಣ "ಅಡ್ಡಿಲ್ಲೆ" ಅಂದರು. ಬರೀ ಪರವಾಗಿಲ್ಲ, ಇಷ್ಟೇನಾ! ಸಪ್ಪೆ ಮುಖ ಹೊತ್ತು ಮನೆಗೆ ಹೋದರೆ ಒಡತಿ ನಕ್ಕರು. "ಅವ್ರ ಬಾಯಲ್ಲಿ ಅಡ್ಡಿಲ್ಲೆ ಬಂತಾ? ಹಂಗಾದ್ರೆ ಭಾರೀ ಚಲೋ ಆಯ್ದು ಅಂತ ಲೆಕ್ಕ." ಅವತ್ತು ನಾನೇ ಮಿರ್ಚಿ ಕರಿದು ಅವರ ಮನೆಗೂ ಕೊಟ್ಟೆ. ಖಾರಕ್ಕೆ ಅವರ ಕಣ್ಣಲ್ಲಿ ನೀರು.

ಲ್ಯಾಬುಗಳನ್ನು ಒಂದೊಂದಾಗಿ ಜೋಡಿಸುವ ಕೆಲಸ ಸುಬ್ರಾಯಣ್ಣನದು. ಎಲ್ಲ ಮುಗಿಸುವ ಮುನ್ನ ನನ್ನ ಮಾಡ್ಯೂಲನ್ನು ಸಾಲುಸಾಲಾಗಿ ಓದುತ್ತಿದ್ದೆ. ನಾನು ಬರೆಯದ ಒಂದು ಸಾಲು ಸಿಕ್ಕಿತು. ಸರ್ಟಿಫಿಕೇಟಿನಲ್ಲಿ ಯಲ್ಲಾಪುರದ ಒಂದು ಲ್ಯಾಬಿನ ಹೆಸರಿದ್ದರೆ ರುಜು ನೋಡಬೇಡ, ಅವಧಿ ನೋಡಬೇಡ, ಒಳಗೆ ಬಿಡು. ಪಕ್ಕದಲ್ಲಿ ಟಿಪ್ಪಣಿ: 'ಗೊತ್ತಿದ್ದವರು'.

"ಸುಬ್ರಾಯಣ್ಣ, ಏನ್ರೀ ಇದು?"

"ಅದಾ? ಭಾವನ ಲ್ಯಾಬು. ಟ್ರಯಲ್ಲಿಗೆ ಕೊಟ್ಟ ಸರ್ಟಿಫಿಕೇಟು ಅವಧಿ ಮುಗದಿತ್ತು, ಜನ ಕಾಯ್ತಾ ಇದ್ರು. ಅಕ್ಕನ ಗಂಡನ ಹತ್ರ ಗುರುತು ಕೇಳದು ಎಂತಕ್ಕೆ?"

"ಬ್ಯಾರೆ ಯಾರಾದ್ರೂ ಅವರ ಹೆಸರು ಹಾಕ್ಕೊಂಡು ಬಂದ್ರ?"

ಅವರ ಮುಖ ಕೆಂಪಾಯಿತು. ನನ್ನೊಡನೆ ಸಾಮಾನ್ಯವಾಗಿ ಆಡದ ಮನೆಮಾತು ಸಿಟ್ಟಿನಲ್ಲಿ ಹೊರಬಿತ್ತು. "ಮನೆ ಕೊಡ್ಸಕಾರೆ ಆನು ನಿನ್ನ ಕಾಗ್ದ ನೋಡಿದ್ನಾ?"

ಕಪಾಳಕ್ಕೆ ಬಾರಿಸಿದಂತಾಯಿತು. ಮನೆ ಕೊಡಿಸುವಾಗ ಅವರು ನನ್ನ ಫೈಲನ್ನು ಕೇಳಿರಲಿಲ್ಲ, ನಿಜ. ಮಾತಿನಲ್ಲಿ ಸೋತರೆ ನನಗೆ ಹಟ ಬರುತ್ತದೆ, ಹುಟ್ಟುಗುಣ. ನನ್ನ ಲ್ಯಾಪ್‌ಟಾಪಿನಲ್ಲಿ ಆ ಲ್ಯಾಬಿನ ಹೆಸರಿಗೆ ಸುಳ್ಳು ಸರ್ಟಿಫಿಕೇಟು ಮಾಡಿ, ಕಂಪನಿಯದರ ಬದಲು ನನ್ನದೇ ರುಜು ಹಾಕಿ, ಮೊಬೈಲಿನ ನೆಟ್ಟಿನಿಂದ ಸರ್ವರಿನ ಬಾಗಿಲು ತಟ್ಟಿದೆ. ಐದು ನಿಮಿಷವೂ ಹಿಡಿಯಲಿಲ್ಲ, ಒಳಗೆ ಬಿಟ್ಟುಕೊಂಡಿತು. "ನೋಡ್ರಿ ಇಲ್ಲಿ!" ಎಂದು ಪರದೆಯನ್ನು ಅವರ ಕಡೆ ತಿರುಗಿಸಿದೆ. ಜೋಡಣೆ ಮುಗಿಯುವ ತನಕ ಪ್ರೋಗ್ರಾಂ ಪರೀಕ್ಷಿಸಲು ಇಟ್ಟ ಸುಳ್ಳು ಹೆಸರುಗಳೇ ಇರುತ್ತವೆಂದುಕೊಂಡಿದ್ದೆ. ಬಂದದ್ದು ನಿಜವಾದ ರೋಗಿಗಳ ಪಟ್ಟಿ.

ಎರಡನೆಯ ಹೆಸರು ಓದಿ ಸುಬ್ರಾಯಣ್ಣ "ಅಕ್ಕ" ಅಂದರು. ಎದುರಿಗೆ ಪರೀಕ್ಷೆಯ ಹೆಸರು. ನೆಗಡಿ ಜ್ವರಕ್ಕೆ ಯಾರೂ ಮಾಡಿಸುವ ಪರೀಕ್ಷೆಯಲ್ಲ ಅದು.

ಅವರು ಲ್ಯಾಪ್‌ಟಾಪಿನ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದರು. "ಎಂಗೆ ಗೊತ್ತಿತ್ತಿಲ್ಲೆ" ಅಂದರು. ಅಕ್ಕನ ಕಾಯಿಲೆ ಅವರಿಗೇ ತಿಳಿದಿರಲಿಲ್ಲ. ಅಯ್ಯೋ ನನ್ನ ಹಟಕ್ಕಿಷ್ಟು ಬೆಂಕಿ ಬೀಳ! ಗುಟ್ಟು ಕಾಯಲು ಸಂಬಳ ತಿನ್ನುವವಳು ನಾನು. ಆ ಬಾಗಿಲಿನಿಂದ ಒಳಗೆ ನುಗ್ಗಿದ ಮೊದಲ ಕಳ್ಳಿಯೂ ನಾನೇ.

ಆ ಸಾಲನ್ನು ಅವರೇ ಅಳಿಸಿದರು. ಕಂಪನಿ ಮಾಲೀಕರ ಕೋಣೆಗೆ ಇಬ್ಬರೂ ಹೋಗಿ ನಮ್ಮ ನಮ್ಮ ತಪ್ಪು ಒಪ್ಪಿಕೊಂಡು ಬೈಸಿಕೊಂಡೆವು. ಮರುದಿನ ಬೆಳಿಗ್ಗೆ ಅವರು ಹೊಸ ಸರ್ಟಿಫಿಕೇಟು ಹಾಕಿಕೊಡಲು ಯಲ್ಲಾಪುರದ ಬಸ್ಸು ಹತ್ತಿದರು. ಸಂಜೆ ಬಂದು ಕುರ್ಚಿಯಲ್ಲಿ ಕುಸಿದು ಕೂತರು.

"ಭಾವ ಸಿಟ್ಟಾದ್ರೇನ್ರೀ?"

"ಇಲ್ಲೆ. ಕೆಲಸ ಆತು."

"ಅಕ್ಕ?"

ಅವರು ಮನೆಮಾತಿನಲ್ಲೇ ಹೇಳಿದರು. "ಅಕ್ಕನೇ ಊಟ ಬಡಿಸ್ತು. ಯಾವಾಗ್ಲೂ ಹೋದಕೂಡ್ಲೆ ಆರಾಮಿದ್ಯನೇ ಹೇಳಿ ಕೇಳ್ತಿದ್ದಿ. ಇವತ್ತು ಅದೊಂದು ಮಾತು ಕೇಳಲೆ ಆಜಿಲ್ಲೆ." ಆರಾಮಿದ್ದೀಯಾ ಎಂದು ಅಕ್ಕನನ್ನು ಕೇಳಲು ಅವರಿಂದ ಆಗಿರಲಿಲ್ಲ.

ಬಳ್ಳಾರಿಗೆ ವಾಪಸ್ ಬಾ, ಇಲ್ಲೇ ಕೆಲಸ ನೋಡೋಣ ಎಂದು ನನ್ನ ತಮ್ಮ ವಾರಕ್ಕೊಮ್ಮೆ ಫೋನು ಮಾಡುತ್ತಾನೆ. ಹೋಗಬೇಕೆಂದು ಜೀವ ಎಳೆಯುತ್ತದೆ. ಆದರೆ ಇಲ್ಲಿ ಸುಬ್ರಾಯಣ್ಣ ಕದ್ದು ತಿಳಿದ ಅಕ್ಕನ ವಿಷಯವನ್ನು ಹೆಂಡತಿಯ ಹತ್ತಿರವೂ ಆಡುವಂತಿಲ್ಲ. ಮಧ್ಯಾಹ್ನ ಡಬ್ಬಿ ಬಿಚ್ಚುವಾಗ ನನ್ನನ್ನೊಮ್ಮೆ ನೋಡಿ, "ಅಕ್ಕ ಇನ್ನೂ ಎಂತೂ ಹೇಳಿದ್ದಿಲ್ಲೆ" ಎನ್ನುತ್ತಾರೆ. ನಾನು ಬಸ್ಸು ಹತ್ತಿಬಿಟ್ಟರೆ ಇಷ್ಟನ್ನು ಕೇಳಲಾದರೂ ಈ ಊರಿನಲ್ಲಿ ಅವರಿಗೆ ಯಾರಿದ್ದಾರೆ?