ಇಟ್ಟಿಗೆ ಕುಡಿದ ನೀರು

ನನ್ನ ಅಕ್ಷರವೂ ಮಾತೂ ಅಂದವಾಗಿಲ್ಲ. ಮೊದಲ ಸಲ ಬರೆಯುತ್ತಿದ್ದೇನೆ, ಓದುವವರು ಸಹಿಸಿಕೊಳ್ಳಬೇಕು.

ವಿಶಾಖಪಟ್ಟಣದ ಹಳೆಯ ಮನೆಯೊಂದರ ನೆಲಮಾಳಿಗೆಯಲ್ಲಿ, ಉಪ್ಪುಗಾಳಿಗೆ ಸವೆದ ಇಟ್ಟಿಗೆ ಗೋಡೆಯನ್ನು ಸರಿಪಡಿಸಲು ನಾನೂ ನನಗೆ ಗಾರೆ ಕೆಲಸ ಕಲಿಸುತ್ತಿದ್ದ ಯಜಮಾನರೂ ಹೋಗಿದ್ದೆವು. ಅವರು ಇನ್ನಷ್ಟು ಸುಣ್ಣ ತರಲು ಹೋದಾಗ, ಹೊಸ ಇಟ್ಟಿಗೆಗಳನ್ನು ನೆನೆಸುವ ಕೆಲಸ ನನ್ನ ಪಾಲಿಗೆ ಬಂದಿತು. ಆ ಬೇಸಿಗೆಯಲ್ಲಿ ನಲ್ಲಿಯ ನೀರು ಎರಡು ದಿನಕ್ಕೊಮ್ಮೆ ಬರುತ್ತಿತ್ತು. ನಾನು ಮೂರನೆಯ ಬಿಂದಿಗೆ ಎತ್ತುವಾಗ ಮನೆಯ ಹಿರಿಯಮ್ಮ ಮೆಟ್ಟಿಲಿಳಿದು ಬಂದರು.

"ಏಮಮ್ಮಾ, ನನಗೇ ಸ್ನಾನವಿಲ್ಲ, ನೀನು ಇಟ್ಟಿಗೆಗೆ ಅಭ್ಯಂಜನ ಮಾಡಿಸುತ್ತಿದ್ದೀಯಾ?" ಎಂದು ತೆಲುಗಿನಲ್ಲಿ ಗದರಿ, ಬಿಂದಿಗೆಯನ್ನು ಹಿಡಿದುಕೊಂಡರು.

ಮನೆಯವರೊಡನೆ ಮಾತನಾಡುವುದು ನನ್ನ ರೂಢಿಯಲ್ಲ. ಆದರೆ ಒಣ ಇಟ್ಟಿಗೆಯಿಂದ ಕಟ್ಟಿದ ಗೋಡೆ ಬಾಳುವುದಿಲ್ಲ. ಆ ಗೋಡೆಯ ಮೇಲೆ ಅವರ ಮನೆಯೇ ನಿಂತಿತ್ತು. ಬೆಳಿಗ್ಗೆ ಕಲಸಿದ್ದ ಗಾರೆಯನ್ನು ಒಂದು ಒಣ ಇಟ್ಟಿಗೆಗೂ ಒಂದು ನೆನೆದ ಇಟ್ಟಿಗೆಗೂ ಹಚ್ಚಿ ಅವರ ಮುಂದಿಟ್ಟೆ. ಸ್ವಲ್ಪ ಹೊತ್ತಿನಲ್ಲಿ ಒಣ ಇಟ್ಟಿಗೆಯ ಗಾರೆ ಅವರ ಬೆರಳು ತಗುಲಿದೊಡನೆ ಹಿಟ್ಟಿನಂತೆ ಉದುರಿತು; ನೆನೆದ ಇಟ್ಟಿಗೆಯದು ಅಂಟಿಕೊಂಡೇ ಇತ್ತು.

"ಗಾರೆಯ ನೀರನ್ನು ಇದು ಕುಡಿದುಬಿಟ್ಟಿತು, ಅಮ್ಮಗಾರು. ಮೊದಲೇ ಕುಡಿಸಿದರೆ ಕದಿಯುವುದಿಲ್ಲ."

"ನಮ್ಮ ಮೊಮ್ಮಕ್ಕಳ ಹಾಗೆಯೇ!" ಎಂದು ನಕ್ಕು ಬಿಂದಿಗೆ ಬಿಟ್ಟರು.

ಕಟ್ಟಿದ ಗೋಡೆಗೆ ವಾರವಿಡೀ ನೀರು ಹಾಕಬೇಕೆಂದು ಯಜಮಾನರು ಹೇಳಿಬಂದಿದ್ದರು. ಎಂಟನೆಯ ದಿನ ಹೋಗಿ ನೋಡಿದರೆ ಗೋಡೆ ತಂಪಾಗಿ, ಗಟ್ಟಿಯಾಗಿ ನಿಂತಿತ್ತು. ಹಿರಿಯಮ್ಮ ಅಕ್ಕಿ ತೊಳೆದ ನೀರನ್ನೂ ಬಿಡದೆ ಅದಕ್ಕೇ ಹಾಕಿದ್ದರಂತೆ.

"ನಿನ್ನ ಗೋಡೆಗೆ ದಿನವೂ ಸ್ನಾನವಾಯಿತು, ನನ್ನದು ಮಾತ್ರ ಇನ್ನೂ ಬಾಕಿ," ಎಂದರು.

ಬರೆದುದರಲ್ಲಿ ತಪ್ಪುಗಳಿದ್ದರೆ ಕ್ಷಮಿಸಬೇಕೆಂದು ಕೇಳಿಕೊಳ್ಳುತ್ತೇನೆ.