ಕೆಳಗಿನ ಮನೆ ಕಾಕಾ, ಪರದೆಯಿಲ್ಲದ ಲ್ಯಾಪ್‌ಟಾಪ್

ಅವರ ನೆತ್ತಿಯ ಮೇಲೆ, ಈ ಕಿವಿಯಿಂದ ಆ ಕಿವಿಗೆ, ಕೂದಲಿನಲ್ಲಿ ಒಂದು ತಗ್ಗು ಗೆರೆ ಇತ್ತು. ಅದು ಬೈತಲೆಯಲ್ಲ. ಬೈತಲೆ ಹಣೆಯಿಂದ ಹಿಂದಕ್ಕೆ ಹೋಗುತ್ತದೆ, ಇದು ಅಡ್ಡಕ್ಕಿತ್ತು. ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರ ತಲೆಯ ಮೇಲೆ ಹೆಡ್‌ಫೋನಿನ ಪಟ್ಟಿ ಕೂತು ಕೂತು ಆದ ಗುರುತು. ಭಾನುವಾರ ಎಣ್ಣೆ ಹಚ್ಚಿ ಎರೆದುಕೊಂಡು ಗ್ಯಾಲರಿಯ ಬಿಸಿಲಿಗೆ ಕೂತಾಗಲೂ ಕೂದಲು ಒಣಗುತ್ತಿದ್ದಂತೆ ಆ ಗೆರೆ ಮತ್ತೆ ಮೂಡುತ್ತಿತ್ತು.

ಪುಣೆಯ ಧನಕವಡಿಯ ನಮ್ಮ ಕಟ್ಟಡದಲ್ಲಿ ಕೆಳಗೆ ಅವರು, ಮೇಲೆ ನಾನು ಮತ್ತು ನಮ್ಮವ್ವ. ನನ್ನ ಅಪ್ಪ ತೀರಿಕೊಂಡ ಮೇಲೆ ಬಾಡಿಗೆಗೆ ಬಂದ ಮನೆ ಅದು. ಸಾಮಾನು ಇಳಿಸುವಾಗ ಅವ್ವ ನನ್ನನ್ನು ಕನ್ನಡದಲ್ಲಿ ಬೈದದ್ದು ಕೆಳಗಿನ ಮನೆಗೆ ಕೇಳಿಸಿ, ಅವರ ಹೆಂಡತಿ ಚಹಾ ಹಿಡಿದುಕೊಂಡು ಹತ್ತಿ ಬಂದರು. ಅಂದಿನಿಂದ ಅವರು ನನಗೆ ಕಾಕು, ಇವರು ಕಾಕಾ. ಧಾರವಾಡದ ಕಡೆಯವರು. ಮಕ್ಕಳಿರಲಿಲ್ಲ.

ಕಾಕಾ ಮೂರನೆಯ ಇಯತ್ತೆಯಲ್ಲಿದ್ದಾಗ ವಿಷಮಜ್ವರ ಬಂದು ಎರಡೂ ಕಣ್ಣು ಹೋಗಿದ್ದವು. ಅಂಧರ ಶಾಲೆಯಲ್ಲಿ ಓದಿ, ಟೈಪಿಂಗ್ ಕಲಿತು, ಪುಣೆಯ ಒಂದು ಕಾರ್ಖಾನೆಯ ಟೆಲಿಫೋನ್ ಬೋರ್ಡಿನ ಮುಂದೆ ಕೂತವರು. ಕಣ್ಣಿಲ್ಲದವರಿಗೆ ಕಿವಿ ಭಾಳ ಚುರುಕು ಎಂದು ಬಂದವರು ಹೊಗಳಿದರೆ ಅವರಿಗೆ ಸಿಟ್ಟು ಬರುತ್ತಿತ್ತು. ಎಡಗಿವಿ ಅರ್ಧ ಮಂದವಾಗಿತ್ತು. ಆ ಕಡೆ ಮೂವತ್ತು ವರ್ಷ ಮಂದಿ ಕೂಗಾಡಿದ್ದಾರೆ, ಇನ್ನೇನು ಉಳಿಯುತ್ತದೆ ಎನ್ನುತ್ತಿದ್ದರು. ಮೆಟ್ಟಿಲ ಮೇಲಿನ ಹೆಜ್ಜೆ ಕೇಳಿ ನನ್ನನ್ನು ಅವ್ವ ಎಂದೂ ಅವ್ವನನ್ನು ನಾನೆಂದೂ ದಿನಾಲೂ ತಪ್ಪು ತಿಳಿಯುತ್ತಿದ್ದರು.

ತೊಂಬತ್ತರ ದಶಕದ ಕೊನೆಗೆ ಕಾರ್ಖಾನೆಗೆ ಹೊಸ ಟೆಲಿಫೋನ್ ಯಂತ್ರ ಬಂತು. ಹೊರಗಿನವರು ನಂಬರ್ ಒತ್ತಿದರೆ ಕರೆ ನೇರವಾಗಿ ಬೇಕಾದ ಮೇಜಿಗೇ ಹೋಗುತ್ತಿತ್ತು. ಕಾಕಾನ ಬೋರ್ಡು ತೆಗೆದರು, ಕುರ್ಚಿ ಉಳಿಸಿದರು. ನಾಲ್ಕು ವರ್ಷ ಅವರು ಬೆಳಿಗ್ಗೆ ಡಬ್ಬಿ ತೆಗೆದುಕೊಂಡು ಹೋಗಿ, ಆ ಕುರ್ಚಿಯ ಮೇಲೆ ಕೂತು, ಸಂಜೆ ಎದ್ದು ಬಂದರು. ಪಗಾರ ಬರುತ್ತಿತ್ತು. ಕೆಲಸವಿದ್ದಾಗ ಇಲ್ಲದ ದಣಿವು ಈ ಖಾಲಿ ದಿನಗಳಲ್ಲಿ ಅವರನ್ನು ಹಿಡಿಯಿತು. ಮನೆಗೆ ಬಂದವರು ಚಪ್ಪಲಿ ಬಿಡುವುದಕ್ಕೂ ಸ್ವಲ್ಪ ಹೊತ್ತು ನಿಂತು ಯೋಚಿಸುವವರಂತೆ ಕಾಣುತ್ತಿದ್ದರು. ಕಡೆಗೆ ಅವಧಿಗೆ ಮೊದಲೇ ನಿವೃತ್ತಿ ತೆಗೆದುಕೊಂಡರು.

ಆಗ ನಾನು ವಿಮಾನ ನಗರದ ಒಂದು ಕಚೇರಿಯಲ್ಲಿದ್ದೆ. ಪರದೇಶದ ಡಾಕ್ಟರುಗಳು ರೋಗಿಗಳ ಬಗ್ಗೆ ಮಾತಾಡಿ ಕಳಿಸಿದ ಧ್ವನಿಯನ್ನು ಕೇಳಿ ಇಂಗ್ಲಿಷಿನಲ್ಲಿ ಟೈಪ್ ಮಾಡುವ ಕೆಲಸ. ಎರಡು ಬಸ್ಸು ಬದಲಿಸಿ ಹೋಗಬೇಕು, ಎರಡು ಬಸ್ಸು ಬದಲಿಸಿ ಬರಬೇಕು. ಸಂಜೆ ಮೇಲೆ ಹತ್ತುವ ಮೊದಲು ಕಾಕಾನ ಮನೆಗೆ ಹೊಕ್ಕು ಕನ್ನಡ ಪೇಪರ್ ಓದಿ ಹೇಳುವುದು ರೂಢಿಯಾಗಿತ್ತು. ಒಂದು ಸಂಜೆ ಎರಡು ಸಾಲು ಓದಿದ್ದೆನೋ ಇಲ್ಲವೋ, ಕಾಕಾ ಕೈ ಚಾಚಿ ಪೇಪರನ್ನು ಮಡಿಸಿಬಿಟ್ಟರು.

“ಸಾಕ್ ಬಿಡು. ಇವತ್ತ ಸುದ್ದಿ ಏನೂ ಇಲ್ಲ.”

ಮಡಿಸಿದ್ದನ್ನು ಪಕ್ಕಕ್ಕಿಟ್ಟು ಕೇಳಿದರು. ಮಾತಾಡುವ ಕಂಪ್ಯೂಟರ್ ಇರುತ್ತವಂತೆ, ಒತ್ತಿದ ಅಕ್ಷರವನ್ನು ಓದಿ ಹೇಳುತ್ತವಂತೆ, ನಿಮ್ಮ ಕಚೇರಿಯಲ್ಲಿ ಯಾವುದಾದರೂ ಹಳೆಯದು ಬಿದ್ದಿದ್ದರೆ ನೋಡು ಎಂದರು. ಏನಾದರೂ ಕೆಲಸ ಮಾಡಬೇಕೆಂಬ ಆಸೆ ಆ ಮಾತಿನಲ್ಲಿತ್ತು. ಅದನ್ನು ಬಾಯಿಬಿಟ್ಟು ಹೇಳಲಿಲ್ಲ.

ಕಚೇರಿಯ ಸಾಮಾನು ಕೋಣೆಯಲ್ಲಿ ಒಂದು ಲ್ಯಾಪ್‌ಟಾಪ್ ಇತ್ತು. ಯಾರದೋ ಕೈಯಿಂದ ಬಿದ್ದು ಅದರ ಪರದೆ ಪೂರ್ತಿ ಕಪ್ಪಾಗಿತ್ತು. ಕಂಪ್ಯೂಟರ್ ನೋಡಿಕೊಳ್ಳುವವರನ್ನು ಕೇಳಿದೆ. ಅವರು ಅದನ್ನು ಒಮ್ಮೆ ತಿರುಗಿಸಿ ನೋಡಿ, “ಹ್ಯಾಚಾ ಕಾಹಿ ಉಪಯೋಗ ನಾಹಿ,” ಎಂದು ಮರಾಠಿಯಲ್ಲಿ ಹೇಳಿ, ಯಾವ ಕೆಲಸಕ್ಕೂ ಬಾರದ್ದೆಂದು ನನ್ನ ಕೈಗೆ ಕೊಟ್ಟರು. ಪರದೆ ಇಲ್ಲ ಎಂದು ಕಾಕಾನಿಗೆ ಹೇಳಿದಾಗ ಅವರು ನಕ್ಕದ್ದು ನೆನಪಿದೆ. ಬಹಳ ದಿನದ ಮೇಲೆ ಕೇಳಿದ ನಗೆ ಅದು.

ಅದನ್ನು ಕೆಲಸಕ್ಕೆ ಹಚ್ಚುವುದರಲ್ಲಿ ಎಷ್ಟೋ ಭಾನುವಾರ ಕಳೆದವು. ನನಗೆ ಕಾಣಬೇಕಲ್ಲ, ಅದಕ್ಕೆ ನಮ್ಮ ರಸ್ತೆಯ ಕಂಪ್ಯೂಟರ್ ಕ್ಲಾಸಿನವರಿಂದ ಹಳೆಯ ಮಾನಿಟರ್ ಎರವಲು ತಂದು ಹಿಂದಿನ ತೂತಿಗೆ ಜೋಡಿಸಿದೆವು. ಮಾತಾಡುವ ಪ್ರೋಗ್ರಾಮು ಹಾಕಿದರೆ ಲ್ಯಾಪ್‌ಟಾಪ್ ಉಸಿರುಗಟ್ಟಿದಂತೆ ನಿಂತುಬಿಡುತ್ತಿತ್ತು. ಹಾಗಾಗಿ ಅದರೊಳಗಿದ್ದ ಒಂದೊಂದನ್ನೇ ತೆಗೆಯುತ್ತ ಹೋದೆವು. ಆಟಗಳು, ಚಿತ್ರಗಳು, ಹಿನ್ನೆಲೆಯ ಬಣ್ಣ, ಯಾರಿಗೂ ಬೇಡದ ಹತ್ತಾರು ಅಕ್ಷರಶೈಲಿಗಳು, ಶುರುವಾಗುವಾಗ ತಾವಾಗಿಯೇ ಎದ್ದು ಕೂರುವ ಪ್ರೋಗ್ರಾಮುಗಳು. ಪ್ರತಿಯೊಂದನ್ನು ಅಳಿಸುವ ಮೊದಲು ಇದು ಏನು ಮಾಡುತ್ತದೆ ಎಂದು ಕಾಕಾ ಕೇಳುತ್ತಿದ್ದರು. ನಾನು ಹೇಳಬೇಕಾಗುತ್ತಿತ್ತು. ಕಚೇರಿಯಲ್ಲಿ ಸತ್ತ ಇನ್ನೊಂದು ಲ್ಯಾಪ್‌ಟಾಪಿನ ಮೆಮೊರಿ ತಂದು ಇದಕ್ಕೆ ಸೇರಿಸಿದ ಮೇಲೆ ಒಂದು ಮಧ್ಯಾಹ್ನ ಅದು ಮಾತಾಡಿತು. ಮೂಗಿನಿಂದ ಬರುವ ಇಂಗ್ಲಿಷು. ಕಾಕಾ ಅದಕ್ಕೆ ‘ಸಾಹೇಬ್ರು’ ಎಂದು ಹೆಸರಿಟ್ಟರು.

ಆದರೆ ನಾವು ಹಾಕಿದ್ದು ಕೊಳ್ಳುವ ಮೊದಲು ಪರೀಕ್ಷಿಸಿ ನೋಡಲೆಂದು ಬಿಟ್ಟ ಪ್ರತಿ. ಮುಕ್ಕಾಲು ಗಂಟೆಯೊಳಗೆ ಸಾಹೇಬರು ಬಾಯಿ ಮುಚ್ಚಿಕೊಳ್ಳುತ್ತಿದ್ದರು. ಮತ್ತೆ ಮಾತಾಡಿಸಬೇಕಾದರೆ ಲ್ಯಾಪ್‌ಟಾಪನ್ನು ಆರಿಸಿ ಹೊಸದಾಗಿ ಹಚ್ಚಬೇಕು. ಮೊದಲು ಅದು ಎದ್ದೇಳುವಷ್ಟರಲ್ಲಿ ಕಾಕು ಚಹಾ ಮಾಡಿ ಕೊಟ್ಟು ಕಪ್ಪು ತೊಳೆದಿಡುತ್ತಿದ್ದರು. ಒಳಗಿನದನ್ನೆಲ್ಲ ಕಡಿಮೆ ಮಾಡಿದ ಮೇಲೆ ಕಾಕಾ ಗ್ಯಾಲರಿಗೆ ಹೋಗಿ ಕೈಕಾಲು ಸಡಿಲ ಮಾಡಿ ಬರುವಷ್ಟರಲ್ಲಿ ಸಿದ್ಧವಾಗುತ್ತಿತ್ತು. ಅವರ ದಿನವೆಲ್ಲ ಆ ತುಂಡುಗಳಿಗೆ ಹೊಂದಿಕೊಂಡಿತು.

ಪರದೆಯ ಮುಚ್ಚಳದ ತಿರುಗಣೆ ಬಿರಿದಿತ್ತು. ಟೈಪ್ ಮಾಡುವಾಗ ಅದು ಧಡಕ್ಕನೆ ಬೆರಳುಗಳ ಮೇಲೆ ಬೀಳುತ್ತಿತ್ತು. ದಾರ ಕಟ್ಟಿ ನೋಡಿದೆ, ನಿಲ್ಲಲಿಲ್ಲ.

“ತಗದ್ ಬಿಡು ಅದನ್ನ,” ಎಂದರು ಕಾಕಾ. “ನಂಗ ತೋರಸೂದು ಅದಕ್ಕೇನೂ ಇಲ್ಲ.”

ಕಂಪ್ಯೂಟರ್ ಕ್ಲಾಸಿನವರು ಸ್ಕ್ರೂ ಬಿಚ್ಚಿ ಮುಚ್ಚಳವನ್ನೇ ಬೇರೆ ಮಾಡಿದರು. ಬ್ಯಾಟರಿ ಉಬ್ಬಿತ್ತು, ಅದನ್ನೂ ತೆಗೆದೆವು. ವೈರಿನ ಕರೆಂಟಿನ ಮೇಲಷ್ಟೇ ಓಡುತ್ತಿತ್ತು. ಪುಣೆಯಲ್ಲಿ ಆಗ ಹೊತ್ತಲ್ಲದ ಹೊತ್ತಿನಲ್ಲಿ ಕರೆಂಟು ತೆಗೆಯುತ್ತಿದ್ದರು. ಹೋಯಿತೆಂದರೆ ಉಳಿಸದ ಅಕ್ಷರವೆಲ್ಲ ಹೋಯಿತು. ಅದಕ್ಕೆ ಕಾಕಾ ಪ್ರತಿ ಸಾಲಿನ ಕೊನೆಗೂ ಎರಡು ಕೀಲಿ ಒತ್ತಿ ಉಳಿಸುತ್ತಿದ್ದರು. ಅದು ಬೆರಳಿಗೆ ಎಷ್ಟು ಹತ್ತಿತೆಂದರೆ, ಊಟಕ್ಕೆ ಕೂತು ಮಾತಾಡುವಾಗಲೂ ಒಂದು ಮಾತು ಮುಗಿದೊಡನೆ ತಾಟಿನ ಪಕ್ಕದಲ್ಲಿ ಎರಡು ಬೆರಳು ನೆಲ ಒತ್ತುತ್ತಿದ್ದವು.

ನಮ್ಮ ಕಚೇರಿಯ ಮೇಡಂಗೆ ಅವರ ವಿಷಯ ಹೇಳಿದೆ. ಪರೀಕ್ಷೆಗೆಂದು ಒಂದು ಕ್ಯಾಸೆಟ್ ಕೊಟ್ಟರು. ಔಷಧಿಯ ಹೆಸರುಗಳಲ್ಲಿ ಕಾಕಾ ಹತ್ತಾರು ತಪ್ಪು ಮಾಡಿದರು. ಅವುಗಳನ್ನು ನಾನು ತಿದ್ದಬಹುದಿತ್ತು. ಆದರೆ ಕೇಳಿಸಲಿಲ್ಲವೆಂದು ಒಂದು ಜಾಗವನ್ನೂ ಖಾಲಿ ಬಿಟ್ಟಿರಲಿಲ್ಲ. ಗರಗರ ಎನ್ನುವ ದೂರದೂರಿನ ಟ್ರಂಕ್‌ಕಾಲ್ ಕರೆಗಳನ್ನು ಕೇಳಿ ಪಳಗಿದ ಕಿವಿ. ಮೇಡಂ ಅವರನ್ನು ಮನೆಯಿಂದ ಕೆಲಸ ಮಾಡುವವರ ಸಾಲಿಗೆ ಸೇರಿಸಿಕೊಂಡರು. ಸಂಜೆ ನಾನು ಕ್ಯಾಸೆಟ್ ತರುತ್ತಿದ್ದೆ, ಬೆಳಿಗ್ಗೆ ಫ್ಲಾಪಿ ಒಯ್ಯುತ್ತಿದ್ದೆ. ಬಲಗಿವಿಗೆ ಹೆಡ್‌ಫೋನಿನಿಂದ ಡಾಕ್ಟರು, ಎಡಕ್ಕೆ ಮೇಜಿನ ಮೇಲಿನಿಂದ ಸಾಹೇಬರು. ಹೀಗೆ ನಡುವೆ ಕೂತು ಅವರು ಟೈಪ್ ಮಾಡುತ್ತಿದ್ದರು. ಲ್ಯಾಪ್‌ಟಾಪಿಗೆ ಹೊರೆಯಾಗದಂತೆ ಬರೀ ಅಕ್ಷರ ಮೂಡಿಸುವ ಸಾದಾ ಪ್ರೋಗ್ರಾಮು. ಉಳಿದ ಒಪ್ಪ ಓರಣವೆಲ್ಲ ಕಚೇರಿಯಲ್ಲಿ ನನ್ನ ಪಾಲು.

ಹೀಗೆ ಎರಡು ವರ್ಷ ನಡೆದಿರಬೇಕು. ಒಂದು ಬೇಸಿಗೆಯಲ್ಲಿ ಅವ್ವ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಕೀಲು ಮುರಿದುಕೊಂಡಳು. ಆಪರೇಷನ್ ಆಯಿತು. ಮೊದಲು ಆಸ್ಪತ್ರೆ, ಆಮೇಲೆ ಮನೆಯಲ್ಲಿ ಹಾಸಿಗೆ. ಹಗಲು ಕಾಕು ನೋಡಿಕೊಳ್ಳುತ್ತಿದ್ದರು, ಉಳಿದ ಹೊತ್ತು ನಾನು. ಬಸ್ಸಿನಲ್ಲಿ ನಿಂತೇ ತೂಕಡಿಸುತ್ತಿದ್ದೆ. ಕೇಳಿದ ವಾಕ್ಯ ಬೆರಳಿಗೆ ಇಳಿಯುವಷ್ಟರಲ್ಲಿ ಮರೆತುಹೋಗುತ್ತಿತ್ತು. ಆ ತಿಂಗಳುಗಳಲ್ಲಿ ಕಚೇರಿ, ಗೊತ್ತುಪಡಿಸಿದಷ್ಟು ಕೆಲಸ ಮುಗಿಸದವರನ್ನು ಒಬ್ಬೊಬ್ಬರನ್ನಾಗಿ ಮನೆಗೆ ಕಳಿಸುತ್ತಿತ್ತು. ಮುಂದಿನ ಸರದಿ ನನ್ನದೇ ಎಂದು ಗೊತ್ತಿತ್ತು. ನೌಕರಿ ಹೋದರೆ ಅವ್ವನ ಔಷಧಿ ಹೇಗೆ ಎಂದು ಯೋಚಿಸುವಷ್ಟು ಶಕ್ತಿಯೂ ನನ್ನಲ್ಲಿರಲಿಲ್ಲ.

ನಾನು ಕಾಕಾನ ಮುಂದೆ ಏನೂ ಹೇಳಿರಲಿಲ್ಲ. ಕಾಕು ಹೇಳಿರಬೇಕು. ಒಂದು ಸಂಜೆ ಕ್ಯಾಸೆಟ್ ಕೊಟ್ಟ ಮೇಲೂ ಅವರು ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಚಾಚಿಯೇ ಇದ್ದರು.

“ನಿನ್ನ ಪಾಲಿಂದೂ ತಾ,” ಎಂದರು. “ನೀ ಅವ್ವನ್ನ ನೋಡು.”

ಮೇಡಂಗೆ ಹೇಳಿದೆ. ಕೆಲಸ ನಿಲ್ಲಬಾರದು, ಯಾರು ಮಾಡಿದರೇನು ಎಂದು ಒಪ್ಪಿಕೊಂಡರು. ಅಂದಿನಿಂದ ಕಾಕಾ ಬೆಳಿಗ್ಗೆ ಸ್ನಾನ ಮುಗಿಸಿ ಕೂತರೆ ದೀಪ ಹಚ್ಚುವ ಹೊತ್ತಿನವರೆಗೂ ಏಳುತ್ತಿರಲಿಲ್ಲ. ಏಪ್ರಿಲ್ಲಿನ ಬಿಸಿಗೆ ಲ್ಯಾಪ್‌ಟಾಪ್ ಕಾದ ಹಂಚಿನಂತಾಗಿ ತಾನೇ ಆರಿಹೋಗುತ್ತಿತ್ತು. ಕಾಕು ಪಲ್ಯ ಹಾಕುವ ಎರಡು ವಾಟೆಗಳನ್ನು ಬೋರಲು ಹಾಕಿ, ಕೆಳಗೆ ಗಾಳಿಯಾಡುವಂತೆ ಅದನ್ನು ಅವುಗಳ ಮೇಲಿಟ್ಟು, ಫ್ಯಾನನ್ನು ಅದರ ಕಡೆ ತಿರುಗಿಸಿದರು. ಕಾಕಾ ಬೆವರುತ್ತ ಕೂತರು. ಆಮೇಲೆ ಅದರ ಕೀಲಿಗಳು ಒಂದೊಂದಾಗಿ ಕೈಕೊಟ್ಟವು. ಕಂಪ್ಯೂಟರ್ ಕ್ಲಾಸಿನಿಂದ ಹಳೆಯ ಕೀಬೋರ್ಡು ತಂದು ಹೊರಗಿನಿಂದ ಜೋಡಿಸಿದೆ. ಪರದೆ ಇಲ್ಲ, ಬ್ಯಾಟರಿ ಇಲ್ಲ, ಈಗ ಕೀಲಿಯೂ ಇಲ್ಲ.

“ಇನ್ನ ಉಳದದ್ದರ ಏನು ಅದರಾಗ?” ಎಂದು ಕಾಕು ಕೇಳಿದರು.

“ಉಳದದ್ದು ಸಾಕು,” ಎಂದರು ಕಾಕಾ, ಟೈಪ್ ಮಾಡುತ್ತಲೇ.

ಮಳೆಗಾಲ ಮುಗಿಯುವ ಹೊತ್ತಿಗೆ ಅವ್ವ ಕೋಲು ಹಿಡಿದು ಗ್ಯಾಲರಿಯವರೆಗೆ ನಡೆದಳು. ನನ್ನ ನೌಕರಿ ಉಳಿದಿತ್ತು.

ಅದಾಗಿ ವರ್ಷವಾಗುವುದರೊಳಗೆ ಕಾಕಾ ಸಾಹೇಬರ ದನಿ ಸಣ್ಣದಾಗಿದೆ ಎನ್ನತೊಡಗಿದರು. ಸ್ಪೀಕರ್ ಬದಲಿಸಿದೆ. ಆಮೇಲೆ ಕ್ಯಾಸೆಟ್ಟುಗಳನ್ನು ದೂರಿದರು. ಫ್ಲಾಪಿಯಲ್ಲಿ ಮೊದಲ ಸಲ ಖಾಲಿ ಜಾಗಗಳು ಕಂಡವು. ವಾಕ್ಯದ ನಡುವೆ ಒಂದು, ಆಮೇಲೆ ಸಾಲಿಗೆ ಎರಡು. ನಾನು ತುಂಬಿ ಕೊಡುತ್ತಿದ್ದೆ, ಅವರಿಗೆ ಹೇಳುತ್ತಿರಲಿಲ್ಲ. ಕಡೆಗೆ ಒಂದು ದಿನ ನಾನು ಬಾಗಿಲಲ್ಲಿ ನಿಂತು ಕರೆದರೂ ಅವರು ತಿರುಗಲಿಲ್ಲ.

ಅಂದು ಅಡುಗೆಮನೆಯಲ್ಲಿ ಕಾಕು ನನಗೆ ಹೇಳಿದರು. ಅವ್ವ ಬೀಳುವ ಮೊದಲೇ ಡಾಕ್ಟರು ಕಾಕಾನ ಬಲಗಿವಿ ನೋಡಿ, ಇದೂ ಸೋಲುತ್ತಿದೆ, ಇನ್ನು ಹೆಡ್‌ಫೋನು ಹಾಕಬೇಡಿ ಎಂದಿದ್ದರಂತೆ. ಕಾಕುವಿನ ಮಾತಿನಲ್ಲಿ ಆರೋಪವಿರಲಿಲ್ಲ. “ನಾ ಬ್ಯಾಡಂದೆ. ನನ್ನ ಮಾತು ಅವರು ಯಾವಾಗ ಕೇಳ್ಯಾರ,” ಎಂದು ಹೇಳಿ, ಸೆರಗಿನಿಂದ ಮುಖ ಒರೆಸಿಕೊಂಡು ಒಲೆಯ ಕಡೆ ತಿರುಗಿದರು.

ಮೂರನೆಯ ಇಯತ್ತೆಯವರೆಗೆ ಕಲಿತ ಕನ್ನಡದ ಅಕ್ಷರಗಳು ಕಾಕಾನಿಗೆ ಇನ್ನೂ ನೆನಪಿದ್ದವು. ಕಾಕು ಅವರ ಅಂಗೈಯ ಮೇಲೆ ಬೆರಳಿನಿಂದ ಬರೆದು ಮಾತಾಡಲು ಶುರುಮಾಡಿದ್ದರು. ನಾನೂ ಹಾಗೆಯೇ ಅವರ ಪಕ್ಕ ಕೂತು, ಕೈ ಬಿಡಿಸಿ, ನನಗೆ ಯಾಕೆ ಹೇಳಲಿಲ್ಲ ಎಂದು ಬರೆದೆ. ಎರಡು ಸಲ ಬರೆಯಬೇಕಾಯಿತು.

“ಹೇಳಿದ್ರ ನೀ ಕ್ಯಾಸೆಟ್ ಕೊಡ್ತಿದ್ದಿಲ್ಲ,” ಎಂದರು. ತಮ್ಮ ದನಿ ತಮಗೇ ಕೇಳಿಸದ್ದರಿಂದ ಜೋರಾಗಿ ಹೇಳಿದರು. “ಡಾಕ್ಟರು ಏನಂದ್ರು ಗೊತ್ತದ ಏನು? ಹಾಕಿದ್ರ ಲಗೂ ಹೋಗತದ, ಹಾಕದಿದ್ರ ತಡಾ ಮಾಡಿ ಹೋಗತದ. ನಾಕ್ ವರ್ಷ ಖಾಲಿ ಕುರ್ಚಿ ಮ್ಯಾಲ ಕೂತಿದ್ನೆಲ್ಲ, ಆವಾಗ ಬಲಗಿವಿ ಛಲೋ ಇತ್ತು. ಏನ್ ಮಾಡೂದಿತ್ತು ತೊಗೊಂಡು?”

ಅವರ ಕೈ ಹಿಡಿದುಕೊಂಡು ಕೂತೆ.

ಕೆಲಸ ನಿಂತಿತು. ಲ್ಯಾಪ್‌ಟಾಪ್ ಆಗಲೂ ಕೆಟ್ಟಿರಲಿಲ್ಲ. ಅದರ ಮಾತು ಅವರಿಗೆ ಕೇಳಿಸುತ್ತಿರಲಿಲ್ಲ, ಅಷ್ಟೇ.

ಆಮೇಲೆ ಮೂರು ವರ್ಷ ಕಾಕಾ ಇದ್ದರು. ಅಂಗೈಯಲ್ಲಿ ಬರೆದರೆ ಎಷ್ಟು ಮಾತು ಹಿಡಿಸುತ್ತದೆ? ಮಳೆ ಬಂತು, ಅವ್ವ ಕಡುಬು ಮಾಡಿದ್ದಾಳೆ, ಬಸ್ಸು ತಡವಾಯಿತು. ಇಷ್ಟೇ. ಒತ್ತಕ್ಷರ ಬಂದರೆ ಅವರು ತಡೆದು, ಬಿಡಿಸಿ ಬರೆಯೆನ್ನುತ್ತಿದ್ದರು. ನಾನು ಗಡಿಬಿಡಿಯಲ್ಲಿ ಬರೆದರೆ ಕೈ ಮುಚ್ಚಿಕೊಳ್ಳುತ್ತಿದ್ದರು. ಸುತ್ತಲಿನ ಸದ್ದೆಲ್ಲ ಹೋದ ಮೇಲೆ ಅವರು ಸಿಡುಕರಾಗಿದ್ದೂ ಉಂಟು, ದಿನಗಟ್ಟಲೆ ಮಾತಾಡದೆ ಇದ್ದದ್ದೂ ಉಂಟು. ಅವರು ಸಂತೋಷವಾಗಿದ್ದರೆಂದು ನಾನು ಹೇಳಲಾರೆ.

ಕೊನೆಯ ಚಳಿಗಾಲದಲ್ಲಿ ಎದೆಯಲ್ಲಿ ಕಫ ಕಟ್ಟಿ ಜ್ವರ ಬಂತು. ಆಸ್ಪತ್ರೆ ಬೇಡವೆಂದರು. ಒಂದು ಸಂಜೆ ಕಚೇರಿಯಿಂದ ನೇರವಾಗಿ ಅವರ ಮಂಚದ ಹತ್ತಿರ ಹೋದೆ. ಕೈ ಬಿಸಿಯಾಗಿತ್ತು, ಹಗುರವಾಗಿತ್ತು. ಬಹಳ ದಣಿವಾಗಿದೆಯೇ ಎಂದು ನಿಧಾನವಾಗಿ, ಒತ್ತಕ್ಷರವಿಲ್ಲದೆ ಬರೆದೆ.

ಅವರು ನನ್ನ ಬೆರಳನ್ನು ಹಿಡಿದುಕೊಂಡರು.

“ಬೆರಳು ನಡುಗತದ ನಿಂದು. ಊಟಾ ಮಾಡಿಲ್ಲ ನೀ,” ಎಂದರು. “ಮ್ಯಾಲ ಹೋಗು. ಉಂಡು ಮಲಕೋ. ನಾಳೆ ಬರಿ.”

ಕಾಕುವೂ ಹೋಗು ಎಂದು ಕಣ್ಣಿನಲ್ಲೇ ಹೇಳಿದರು. ನಾನು ಮೇಲೆ ಹೋಗಿ, ಅವ್ವ ಬಡಿಸಿದ್ದನ್ನು ಉಂಡು ಮಲಗಿದೆ. ಅವ್ವ ಬಿದ್ದಂದಿನಿಂದ ಅಷ್ಟು ಗಾಢವಾಗಿ ನಾನು ನಿದ್ದೆ ಮಾಡಿರಲಿಲ್ಲ. ಕಾಕಾ ತೀರಿಕೊಂಡರೆಂದು ಹೇಳಲು ಬೆಳಿಗ್ಗೆ ಕಾಕು ಬಂದು ಬಾಗಿಲು ಬಡಿದಾಗ, ಎಷ್ಟೋ ಹೊತ್ತಿನಿಂದ ಬಡಿಯುತ್ತಿದ್ದರಂತೆ, ನನಗೆ ಕೇಳಿಸಿರಲೇ ಇಲ್ಲ.