ಯಂತ್ರ ಓದದ ಸಾಲುಗಳು

ಕೆಂಪು ಇಂಕಿನ ಪೆನ್ನು ಕೈಯಲ್ಲಿ ಇಲ್ಲದಿದ್ದರೂ ನನ್ನ ಬೆರಳು ತುರಿಸುತ್ತಿರುತ್ತದೆ. ಮದುವೆಯ ಕರೆಯೋಲೆ ಬಂದರೆ ಮುಹೂರ್ತಕ್ಕಿಂತ ಮೊದಲು ಒತ್ತಕ್ಷರ ನೋಡುತ್ತೇನೆ. ಹೋಟೆಲಿನಲ್ಲಿ ಕೂತರೆ ಗೋಡೆಯ ಮೇಲಿನ ತಿಂಡಿಪಟ್ಟಿಯನ್ನು ಮನಸ್ಸಿನಲ್ಲೇ ತಿದ್ದಿ ಮುಗಿಸಿದ ಮೇಲೆಯೇ ನನಗೆ ಹಸಿವಾಗುವುದು. ಕೊಪ್ಪದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಇಂಗ್ಲಿಷ್ ಕಲಿಸಿದವಳಿಗೆ ಅಂಟಿದ ಕಾಯಿಲೆ ಇದು, ಮದ್ದಿಲ್ಲ. ಆದರೆ ಈ ಕಾಯಿಲೆ ನನ್ನನ್ನು ಎಲ್ಲಿಗೆ ಕೊಂಡೊಯ್ದಿತೆಂದು ಹೇಳಿದರೆ ನೀವು ನಗುತ್ತೀರಿ. ನಗಿ, ಪರವಾಗಿಲ್ಲ. ನಾನು ಬಿಡುವಿನ ವೇಳೆಯಲ್ಲಿ ನೆಟ್‌ವರ್ಕ್ ಡ್ರೈವರುಗಳ ಕಾಗುಣಿತ ತಿದ್ದುತ್ತೇನೆ.

ಇದನ್ನು ಮೊದಲ ಸಲ ಹೇಳಿದಾಗ ನಮ್ಮ ಅತ್ತೆ ಹುಣಸೆಹಣ್ಣಿನ ಬೀಜ ಬಿಡಿಸುತ್ತ ಕೂತಿದ್ದರು. ಡ್ರೈವರ್ ಎಂದರೆ ಬಸರೀಕಟ್ಟೆಗೆ ಜೀಪು ಓಡಿಸುವವರೆಂದೇ ಅವರ ತಿಳಿವಳಿಕೆ. “ಅವ್ರಿಗೆ ಕಾಗುಣಿತ ಎಂತಕ್ಕೆ ಮಾರಾಯ್ತಿ? ಗೇರ್ ಹಾಕಕ್ಕೆ ಬಂದ್ರೆ ಸಾಕಲ್ವಾ?” ಎಂದರು. ಒಳ್ಳೆಯ ಪ್ರಶ್ನೆಯೇ. ಆ ಡ್ರೈವರ್‌ಗೂ ಗೇರ್ ಹಾಕುವುದಕ್ಕೆ ಬಂದರೆ ಸಾಕು. ಕಂಪ್ಯೂಟರು ಹೊರಜಗತ್ತಿನ ಜೊತೆ ಹೇಗೆ ಮಾತಾಡಬೇಕೆಂದು ಅದಕ್ಕೆ ಹೇಳಿಕೊಡುವ ಪ್ರೋಗ್ರಾಮು ಅದು. ಮಾತು ಹೋಗಿ ಬಂದರೆ ಕೆಲಸ ಮುಗಿಯಿತು.

ನಾನು ಅಲ್ಲಿಗೆ ಹೋಗಿ ಸೇರಿದ್ದು ಬೇರೆ ದಾರಿಯಿಲ್ಲದೆ. ನಮ್ಮ ಮನೆಯ ಹಳೇ ಕಂಪ್ಯೂಟರಿಗೆ ವೈರಸ್ ಬಡಿದು, ಕೊನೆಗೆ ಯಾರೋ ಪುಣ್ಯಾತ್ಮರ ಸಲಹೆಯಂತೆ, ಜಗತ್ತಿನ ಎಲ್ಲೆಲ್ಲಿನ ಜನವೋ ಸೇರಿ ಬರೆದು ಪುಕ್ಕಟೆ ಹಂಚುವ ಆಪರೇಟಿಂಗ್ ಸಿಸ್ಟಮ್ ಹಾಕಿಸಿಕೊಂಡೆ. ಎಲ್ಲ ನಡೆಯಿತು, ನೆಟ್‌ವರ್ಕ್ ಮಾತ್ರ ನಡೆಯಲಿಲ್ಲ. ಆ ಸಿಸ್ಟಮಿನ ವಿಶೇಷವೇನೆಂದರೆ ಅದರ ಒಳಗನ್ನು ಯಾರು ಬೇಕಾದರೂ ಬಿಚ್ಚಿ ನೋಡಬಹುದು. ನಾನೂ ಬಿಚ್ಚಿದೆ. ಒಂದಕ್ಷರ ಅರ್ಥವಾಗಲಿಲ್ಲ. ಆದರೆ ಕೋಡಿನ ನಡುನಡುವೆ, ಬರೆದವರು ಮುಂದೆ ಓದುವವರಿಗಾಗಿ ಸಾದಾ ಇಂಗ್ಲಿಷಿನಲ್ಲಿ ಬಿಟ್ಟುಹೋದ ಮಾತುಗಳಿದ್ದವು. ಅದಕ್ಕೆ ಕಾಮೆಂಟ್ ಎನ್ನುತ್ತಾರೆ. “ಇಲ್ಲಿ ಸ್ವಲ್ಪ ಕಾಯಬೇಕು, ಇಲ್ಲವಾದರೆ ನೆಟ್‌ವರ್ಕ್ ಕಾರ್ಡು ಮುನಿಸಿಕೊಳ್ಳುತ್ತದೆ” ಎನ್ನುವ ಧಾಟಿಯ ಮಾತುಗಳು. ಯಂತ್ರ ಅವನ್ನು ಓದುವುದಿಲ್ಲ. ಕಾಮೆಂಟ್ ಶುರುವಾಗುವ ಗುರುತು ಕಂಡೊಡನೆ ಕಣ್ಣು ಮುಚ್ಚಿಕೊಂಡು, ಮುಗಿಯುವ ಗುರುತು ಬಂದ ಮೇಲೆ ಕಣ್ಣು ಬಿಡುತ್ತದೆ.

ಅಂಥ ಮಹಾ ಬುದ್ಧಿವಂತರ ಕಾಗುಣಿತ ನೋಡಿ ನನಗಾದ ಸಂತೋಷವನ್ನು ಹೇಗೆ ಹೇಳಲಿ! ನೆಟ್‌ವರ್ಕಿನ ಕಸುಬೇ ಕಳಿಸುವುದು, ಬರಮಾಡಿಕೊಳ್ಳುವುದು. ಹಾಗಾಗಿ ‘ರಿಸೀವ್’ ಎಂಬ ಪದ ಹೆಜ್ಜೆಹೆಜ್ಜೆಗೂ ಬರುತ್ತದೆ, ಹೆಜ್ಜೆಹೆಜ್ಜೆಗೂ ಅದರ ಸ್ವರಗಳೆರಡು ಜಾಗ ಅದಲುಬದಲು ಮಾಡಿಕೊಂಡಿರುತ್ತವೆ. ನನ್ನ ಹತ್ತನೇ ಕ್ಲಾಸಿನ ಮಕ್ಕಳು ಮಾಡುವ ತಪ್ಪೇ. ತಿದ್ದಿ, ಪೇಟೆಯ ಸೈಬರಿಗೆ ಹೋಗಿ, ಆ ಫೈಲು ನೋಡಿಕೊಳ್ಳುವ ಯಜಮಾನರಿಗೆ ಇಮೇಲ್ ಮಾಡಿದೆ. ಯಾವುದೋ ಚಳಿದೇಶದ ಮನುಷ್ಯ. “ಸೇರಿಸಿದ್ದೇನೆ, ಥ್ಯಾಂಕ್ಸ್” ಎಂದು ಉತ್ತರ ಬಂತು. ಜೊತೆಗೊಂದು ಎಚ್ಚರಿಕೆ: ಕಾಮೆಂಟಿನ ಒಳಗೆ ಮಾತ್ರ ತಿದ್ದಿ, ಹೊರಗೆ ಕೋಡಿನಲ್ಲಿರುವ ಹೆಸರುಗಳನ್ನು ಮುಟ್ಟಬೇಡಿ, ಅವು ತಪ್ಪಾಗಿದ್ದರೂ ಎಲ್ಲರೂ ಹಾಗೆಯೇ ಕರೆಯುತ್ತಾರೆ. ನನಗೆ ಇದು ತಟ್ಟನೆ ಹೊಳೆಯಿತು. ಜಯಪುರದ ನಮ್ಮ ಚಿಕ್ಕಪ್ಪನ ಹೆಸರು ವಿಶ್ವೇಶ್ವರಯ್ಯ, ಊರಿಗೆಲ್ಲ ಬಿಶು. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಪೂರ್ತಿ ಹೆಸರು ಹಿಡಿದು ಕೂಗಿದರೆ ಅವರು ತಿರುಗಿಯೂ ನೋಡುವುದಿಲ್ಲ.

ಅಲ್ಲಿಂದ ಈ ಚಟ ಹತ್ತಿತು. ಏಕೆಂದು ಕೇಳಿದರೆ ನಿಜ ಹೇಳುತ್ತೇನೆ: ನನಗೆ ಧೈರ್ಯ ಕಡಿಮೆ. ಪರೀಕ್ಷೆಯ ಮೌಲ್ಯಮಾಪನಕ್ಕೆ ಹೋಗಿ ಬಂದರೆ ವಾರಗಟ್ಟಲೆ ಮನಸ್ಸು ಸರಿಯಿರುವುದಿಲ್ಲ. ನಾನು ಎಳೆದ ಒಂದು ಕೆಂಪು ಗೀಟಿನಿಂದ ಎಲ್ಲಿಯದೋ ಮಗುವಿನ ದಾರಿ ಅಡ್ಡ ತಿರುಗಿತೇನೋ ಎಂಬ ಅಳುಕು. ಡ್ರೈವರಿನ ಕಾಮೆಂಟಿನಲ್ಲಿ ಆ ಭಯವಿಲ್ಲ. ಎಷ್ಟು ತಿದ್ದಿದರೂ ಯಾರೂ ಫೇಲಾಗುವುದಿಲ್ಲ. ಯಂತ್ರಕ್ಕಂತೂ ಗೊತ್ತೇ ಆಗುವುದಿಲ್ಲ. ಇಷ್ಟು ನಿರಪಾಯಕಾರಿಯಾದ ಕೆಂಪು ಇಂಕು ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲವೆಂದು ನಾನು ನಂಬಿದ್ದೆ.

ಆ ನಂಬಿಕೆ ಅಲುಗಾಡಿದ್ದು ಹಮೀದನ ಅಂಗಡಿಯಲ್ಲಿ.

ಹಮೀದ್ ಕೊಪ್ಪದ ಪೇಟೆಯಲ್ಲಿ ಸೈಬರ್ ಇಟ್ಟಿದ್ದ. ಹಿಂದೆ ಒಂದೇ ಆಗಿದ್ದ ಮಳಿಗೆಯನ್ನು ನಡುವೆ ಹಲಗೆ ಹೊಡೆದು ಎರಡು ಮಾಡಿದ್ದರು. ಈಚೆ ಹಮೀದ್, ಆಚೆ ಬಟ್ಟೆ ಹೊಲಿಯುವ ಜಲಜಕ್ಕ. ಅವನ ಕಂಪ್ಯೂಟರುಗಳಿಗೂ ವೈರಸ್ ಹೊಡೆದು ಅವನು ಕಂಗಾಲಾಗಿದ್ದಾಗ, ನನ್ನ ಪುಕ್ಕಟೆ ಸಿಸ್ಟಮಿನ ಗುಣಗಾನ ಮಾಡಿ ಅದನ್ನೇ ಹಾಕಿಸಿದವಳು ನಾನು. ಸೈಬರ್ ಮುಚ್ಚಿ ಚಪ್ಪಲಿ ಅಂಗಡಿ ಇಡು ಎಂದು ಅವನ ಭಾವ ದುಂಬಾಲು ಬಿದ್ದಿದ್ದರು. ಪಿಯುಸಿ ರಿಸಲ್ಟಿನ ದಿನ ಜನ ಬಂದೇ ಬರುತ್ತಾರೆ, ಅದನ್ನು ನೋಡಿ ಭಾವ ಸುಮ್ಮನಾಗುತ್ತಾರೆ ಎಂದು ಹಮೀದ್ ಆ ಒಂದು ದಿನವನ್ನೇ ನಂಬಿಕೊಂಡಿದ್ದ. ಅದೂ ಅಲ್ಲದೆ ಆ ವರ್ಷ ಅವನ ಮಗಳು ಶಬಾನಾಳೇ ಪರೀಕ್ಷೆಗೆ ಕೂತಿದ್ದಳು. ಹತ್ತನೆಯವರೆಗೆ ನನ್ನ ವಿದ್ಯಾರ್ಥಿನಿ. ಪಾಸಾದರೆ ಶಿವಮೊಗ್ಗದಲ್ಲಿ ಓದಿಸುವುದೆಂದು ಮಾತಾಗಿತ್ತು.

ಇಂಥ ದಿನದ ಹಿಂದಿನ ಭಾನುವಾರ ನನಗೊಂದು ಹುಕಿ ಬಂತು. ನಾನು ತಿದ್ದಿದ ಡ್ರೈವರು ಹೊಸ ಆವೃತ್ತಿಯಲ್ಲಿ ಹೊರಬಂದಿತ್ತು. ಅದು ಜರ್ಮನಿ, ಜಪಾನಿನಲ್ಲೆಲ್ಲ ಓಡುವಾಗ ಕೊಪ್ಪದಲ್ಲಿ ಓಡದಿದ್ದರೆ ಹೇಗೆ? ಉಳಿದವಕ್ಕೆಲ್ಲ ನೆಟ್ ಹಂಚುವ ಹಮೀದನ ಮುಖ್ಯ ಕಂಪ್ಯೂಟರಿಗೆ ಅದನ್ನು ಹಾಕಿಕೊಟ್ಟೆ. ಬೆಳಿಗ್ಗೆ ಕೂತವಳು ಏಳುವಾಗ ಸಂಜೆ. ಶಬಾನಾ ಚಹಾ ತಂದುಕೊಟ್ಟು, “ಇದ್ರಲ್ಲಿ ನಿಮ್ದು ಯಾವ್ದು ಟೀಚರ್?” ಎಂದು ಕೇಳಿದ್ದಳು. ತೋರಿಸಿದೆ. ನನ್ನ ಜಂಬ ಅಷ್ಟಿಷ್ಟಲ್ಲ.

ರಿಸಲ್ಟಿನ ದಿನ ಮಧ್ಯಾಹ್ನದ ಹೊತ್ತಿಗೆ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಸರೀಕಟ್ಟೆಯಿಂದ ಜೀಪಿನಲ್ಲಿ ಬಂದವರು, ಜಯಪುರದಿಂದ ಬಸ್ಸಿನಲ್ಲಿ ಬಂದವರು, ಮಕ್ಕಳಿಗಿಂತ ಹೆಚ್ಚು ಬೆವರುತ್ತಿದ್ದ ಅಪ್ಪಂದಿರು. ಮೇ ತಿಂಗಳ ಸೆಕೆ. ಶೃಂಗೇರಿ ಕಡೆ ಮೋಡ ಕಟ್ಟಿ ಎಲ್ಲೋ ಒಂದು ಗುಡುಗು ಉರುಳಿದ ಸದ್ದು. ಹಮೀದ್ ಮೊದಲು ಮಗಳ ನಂಬರನ್ನೇ ಹಾಕಿದ. ಪುಟ ಅರ್ಧ ತೆರೆದುಕೊಂಡಿತು. ಅಲ್ಲಿಗೇ ನಿಂತಿತು. ಮತ್ತೆ ಹಾಕಿದ, ಇಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಹಾಕಿದ, ಇಲ್ಲ. ನೆಟ್ ಪೂರ್ತಿ ಸತ್ತಿತ್ತು.

ಹಮೀದ್ ಮರ್ಯಾದಸ್ಥ. ಜನರೆದುರು ಕೇಳಲು ಸಂಕೋಚಪಟ್ಟು, ನನ್ನ ಹತ್ತಿರ ಬಂದು ಮೆಲ್ಲಗೆ, “ಟೀಚರ್, ಬೇಜಾರ್ ಮಾಡ್ಕಬೇಡಿ. ಭಾನುವಾರ ನೀವು ಎಂತದೋ ಹಾಕಿದ್ರಲ್ಲ...” ಎಂದ.

ಕಾಮೆಂಟ್ ಮುಗಿಯುವ ಗುರುತು ಎಂದೆನಲ್ಲ, ಅದು ಎರಡೇ ಎರಡು ಪುಟ್ಟ ಚಿಹ್ನೆ. ತಿದ್ದುವ ಭರದಲ್ಲಿ ಅದನ್ನೇನಾದರೂ ಅಳಿಸಿಬಿಟ್ಟಿದ್ದರೆ? ಯಂತ್ರ ಮುಚ್ಚಿದ ಕಣ್ಣನ್ನು ಬಿಡದೆ, ಮುಂದಿನ ಅಸಲು ಕೆಲಸವನ್ನೂ ಕಾಮೆಂಟೆಂದೇ ತಿಳಿದು ದಾಟಿಹೋಗುತ್ತದೆ. ಈ ಎರಡು ದಿನ ನಡೆದದ್ದು ಹೇಗೆ ಎಂದು ಕೇಳುವ ಬುದ್ಧಿ ಆ ಗಳಿಗೆಯಲ್ಲಿ ನನಗೆಲ್ಲಿ ಉಳಿದಿತ್ತು? ಜರ್ಮನಿಯ ಹಮೀದ್, ಜಪಾನಿನ ಹಮೀದ್ ಎಲ್ಲರೂ ತಲೆಯ ಮೇಲೆ ಕೈಹೊತ್ತು ಕೂತ ಚಿತ್ರ ಕಣ್ಣಿಗೆ ಕಟ್ಟಿತು. ಅವರೆಲ್ಲರ ಮಧ್ಯೆ ಶಬಾನಾ, ಹಾಲ್ ಟಿಕೆಟ್ಟನ್ನು ಸುರುಳಿ ಸುತ್ತುತ್ತ, ಬಿಚ್ಚುತ್ತ ನನ್ನ ಕುರ್ಚಿಯ ಹಿಂದೆಯೇ ನಿಂತಿದ್ದಳು.

ಫೈಲು ತೆರೆದೆ. ನಾನು ತಿದ್ದಿದ ಸಾಲುಗಳನ್ನು ಒಂದೊಂದಾಗಿ ಬೆರಳಿಟ್ಟು ನೋಡಿದೆ. ಉತ್ತರಪತ್ರಿಕೆ ನನ್ನದು, ಮೇಲ್ವಿಚಾರಕಿ ನನ್ನ ವಿದ್ಯಾರ್ಥಿನಿ. ಗುರುತುಗಳೆಲ್ಲ ಇದ್ದಲ್ಲೇ ಇದ್ದವು. ನಂಬಿಕೆ ಸಾಲದೆ ಹಳೆಯ ಡ್ರೈವರನ್ನೇ ಮತ್ತೆ ಹಾಕಿ ಯಂತ್ರವನ್ನು ಹೊಸದಾಗಿ ಶುರುಮಾಡಿದೆ. ಆಗಲೂ ನೆಟ್ ಇಲ್ಲ! ತಪ್ಪು ಕಾಗುಣಿತದ ಡ್ರೈವರೂ ಸತ್ತುಬಿದ್ದಿದೆ! ನನಗೆ ಎಷ್ಟು ಸಮಾಧಾನವಾಯಿತೆಂದರೆ, ನೆಟ್ ಬಂದಿದ್ದರೂ ಅಷ್ಟು ಆಗುತ್ತಿರಲಿಲ್ಲ. “ನಂದಲ್ಲ ಹಮೀದ್, ನಂದಲ್ಲ!” ಎಂದು ಎದ್ದು ನಿಂತೆ. ತಿರುಗಿದರೆ ಶಬಾನಾಳ ಕಣ್ಣಲ್ಲಿ ನೀರು. ನನ್ನ ಸಮಾಧಾನ ಯಾರ ಉಪಯೋಗಕ್ಕೂ ಬರುವಂಥದ್ದಲ್ಲವೆಂದು ಆಗ ಗೊತ್ತಾಯಿತು, ಮತ್ತೆ ಕೂತೆ.

“ಫೋನಾದ್ರೂ ಇದ್ಯಾ ನೋಡ್ತೆ,” ಎಂದು ಹಮೀದ್ ರಿಸೀವರ್ ಎತ್ತಿದ. ಸದ್ದೇ ಇಲ್ಲ. ನೆಟ್ ಬರುವುದೂ ಅದೇ ವೈರಿನಲ್ಲಿ. ಮೋಡೆಮಿನ ದೀಪ ನೋಡಿದ್ದರೆ ಮೊದಲೇ ತಿಳಿಯುತ್ತಿತ್ತು, ಆದರೆ ನೋಡುವುದು ಹೇಗೆ? ನಮ್ಮ ಕಡೆ ಟಿವಿಗೆ, ಮಿಕ್ಸಿಗೆ, ಫೋನಿಗೆ ಎಲ್ಲಕ್ಕೂ ಅಂಗಿ ತೊಡಿಸುವ ಪದ್ಧತಿ. ಹಮೀದನ ಮೋಡೆಮಿಗೂ ಜಲಜಕ್ಕ ಮಖಮಲ್ಲಿನಲ್ಲಿ ನೆರಿಗೆಯಿಟ್ಟು ಒಂದು ಕವರು ಹೊಲಿದುಕೊಟ್ಟಿದ್ದರು. ದೀಪಗಳೆಲ್ಲ ಅದರೊಳಗೆ ಉರಿದು, ಅದರೊಳಗೇ ಆರುತ್ತಿದ್ದವು.

ಫೋನಿನ ವೈರು ಅಂಗಡಿಯೊಳಗೆ ಬರುವುದು ಜಲಜಕ್ಕನ ಕಡೆಯಿಂದ. ಹಮೀದ್ ಹಲಗೆ ತಟ್ಟಿ ಕೂಗಿದ. “ಜಲಜಕ್ಕಾ, ಅಲ್ಲಿ ಫೋನ್ ವೈರ್ ಎಂತಾದ್ರೂ ಆಗಿದ್ಯಾ?”

ಹೊಲಿಗೆ ಯಂತ್ರದ ಸದ್ದು ನಿಂತಿತು. “ಕಿತ್ತಿಟ್ಟೆ ಮಾರಾಯ! ಗುಡುಗ್ತಲ್ಲ, ಕೇಳ್ಳಿಲ್ವಾ ನಿಂಗೆ? ಹೋದ ವರ್ಷ ಸಿಡ್ಲಿಗೆ ಮೋಡೆಮ್ ಸುಟ್ಟು ನೀನು ಎಷ್ಟು ಒದ್ದಾಡಿದ್ದೆ. ಜನ ತುಂಬ್ಕಂಡಿದಾರೆ, ನಿಂಗೆ ಕೈ ಬಿಡುವಿಲ್ಲ ಅಂತ ನಾನೇ ಕಿತ್ತೆ.”

ಮಲೆನಾಡಿನಲ್ಲಿ ಹುಟ್ಟಿದ ಯಾರೂ ಇದನ್ನು ತಪ್ಪೆನ್ನಲಾರರು. ಮೊದಲ ಗುಡುಗಿಗೆ ಕೈಯಲ್ಲಿದ್ದ ಸೌಟು ಬಿಟ್ಟು ಓಡಿ ಟಿವಿಯ ವೈರು, ಫೋನಿನ ವೈರು ಕೀಳುವುದನ್ನು ನಾವು ನಡೆಯುವುದರ ಜೊತೆಗೇ ಕಲಿಯುತ್ತೇವೆ. ಅಂಗಡಿಯಲ್ಲಿದ್ದವರು ಸಿಟ್ಟಾಗುವ ಬದಲು “ಒಳ್ಳೇದೇ ಮಾಡಿದ್ರು” ಎಂದು ತಲೆಯಾಡಿಸಿದರು. ಶೆಟ್ಟಿಕೊಪ್ಪದಿಂದ ಬಂದ ಒಬ್ಬರಿಗೆ ಆಗಲೇ ಮನೆಯ ನೆನಪಾಗಿ, ಮೊಬೈಲು ತೆಗೆದು ಮನೆಯ ಲ್ಯಾಂಡ್‌ಲೈನಿಗೆ ಫೋನ್ ಮಾಡಿದರು, ಫೋನಿನ ವೈರು ಕೀಳು ಎಂದು ಹೆಂಡತಿಗೆ ಹೇಳಲು. ಅತ್ತ ಯಾರೂ ಎತ್ತಲಿಲ್ಲ. ಬಹಳ ಹೊತ್ತು ಕೇಳಿಸಿಕೊಂಡು, “ಸದ್ಯ, ಕಿತ್ತಿದಾಳೆ,” ಎಂದು ನೆಮ್ಮದಿಯಿಂದ ಕಿಸೆಗೆ ಹಾಕಿಕೊಂಡರು.

ಈಗ ವೈರು ಸಿಕ್ಕಿಸುವುದೋ ಬೇಡವೋ? ಮಗಳ ಮುಖ ನೋಡಿ ಹಮೀದ್ ಸಿಕ್ಕಿಸಲು ಹೊರಟರೆ ಜಲಜಕ್ಕ ಬಾಗಿಲಲ್ಲೇ ತಡೆದರು. “ತಡಿ ಮಾರಾಯ. ಇನ್ನೊಂದು ಗುಡುಗು ಬರ್ಲಿ. ದೂರ ಹೋಯ್ತಾ ಕೇಳ್ವ.” ಹಾಗೆ ನಾವೆಲ್ಲ ಕೇಳಲು ನಿಂತೆವು. ಬಸರೀಕಟ್ಟೆ, ಜಯಪುರ, ಕೊಪ್ಪ, ಎಲ್ಲ ಊರಿನವರೂ ಉಸಿರು ಬಿಗಿಹಿಡಿದು ಆಕಾಶಕ್ಕೆ ಕಿವಿಗೊಟ್ಟೆವು. ಅಷ್ಟು ಗಲಾಟೆಯ ಅಂಗಡಿ ಅಷ್ಟು ನಿಶ್ಶಬ್ದವಾದದ್ದನ್ನು ನಾನು ಕಂಡಿರಲಿಲ್ಲ. ಒಂದು ಗುಡುಗು ಬಂತು, ಸಣ್ಣದು. ಆಮೇಲೆ ಇನ್ನೂ ಸಣ್ಣದು. “ಎನ್ನಾರ್‌ಪುರ ಕಡೆ ಹೋಯ್ತು,” ಎಂದು ಶೆಟ್ಟಿಕೊಪ್ಪದವರು ತೀರ್ಪು ಕೊಟ್ಟರು. “ಈಗ ನಮ್ಮೂರಲ್ಲಿ ಕೀಳ್ತಿರ್ತಾರೆ.”

ಜಲಜಕ್ಕ ವೈರು ಸಿಕ್ಕಿಸಿದರು. ಪುಟ ತೆರೆಯಿತು. ಶಬಾನಾಗೆ ಫಸ್ಟ್ ಕ್ಲಾಸ್. ಅವಳು ನನ್ನ ಹೆಗಲಿಗೆ ಮುಖವಿಟ್ಟು ಅತ್ತಳು. ನಾನೂ ಅತ್ತೆ, ಅವಳಿಗಾಗಿ ಮುಕ್ಕಾಲು, ನನಗಾಗಿ ಕಾಲು ಭಾಗ. ಹಮೀದ್ ಅಂಗಡಿಯಲ್ಲಿದ್ದವರಿಗೆಲ್ಲ ಶರಬತ್ತು ತರಿಸಿದ. ಸಂಜೆ ಭಾವ ಬಂದು, ಬಾಗಿಲಾಚೆಯ ಚಪ್ಪಲಿಗಳ ರಾಶಿಯನ್ನು ನೋಡಿ, ಚಪ್ಪಲಿ ಅಂಗಡಿಯ ಮಾತೆತ್ತದೆ ಹೋದರು.

ಮರುದಿನ ಹೋದಾಗ ಜಲಜಕ್ಕನ ಕಡೆಯ ಗೋಡೆಯ ಮೇಲೆ, ಆ ವೈರಿನ ಪಕ್ಕದಲ್ಲಿ, ಬಟ್ಟೆಗೆ ಗುರುತು ಹಾಕುವ ನೀಲಿ ಸೀಮೆಸುಣ್ಣದಲ್ಲಿ ಬರೆದಿತ್ತು: “ಗುಡುಗಿದರೆ ಕೀಳುವುದು. ಹಮೀದನಿಗೆ ಕೂಗಿ ಹೇಳುವುದು. ನಿಂತ ಮೇಲೆ ಹಾಕುವುದು.” ವೈರು ಅದನ್ನು ಓದುವುದಿಲ್ಲ, ಮೋಡೆಮೂ ಓದುವುದಿಲ್ಲ. ಅಂಗಡಿ ನಡೆಯಲು ಮುಖ್ಯವಾಗಿ ಬೇಕಾಗಿದ್ದದ್ದು ಅದೇ. ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಒಂದೂ ಇರಲಿಲ್ಲ, ಸ್ವಲ್ಪ ಬೇಜಾರಾಯಿತು.

ಆ ವಾರವೇ ತಿದ್ದಿದ ಡ್ರೈವರನ್ನು ಮತ್ತೆ ಹಾಕಿದೆ. ಈ ಸಲ ಹಮೀದನೇ “ಹಾಕಿ” ಎಂದ. ನಾನು ಇನ್ನೊಂದು ಫೈಲು ಬಿಚ್ಚಿಕೊಂಡು ಅವನ ಅಂಗಡಿಯಲ್ಲೇ ಕೂತಿದ್ದೆ. ಮೇಲೆ ಗುಡುಗಿತು. ಪರದೆಗಳೆಲ್ಲ ಒಟ್ಟಿಗೆ ನಿಂತವು, ಅದರ ಹಿಂದೆಯೇ ಹಲಗೆಯ ಆಚೆಯಿಂದ “ಕಿತ್ತೆ ಮಾರಾಯ!” ಎಂಬ ಕೂಗು ಬಂತು. ಹಮೀದ್ ಚಹಾ ಹೇಳಿದ. ಕೂತಿದ್ದವರು ಕುರ್ಚಿಗೆ ಒರಗಿ ಆಕಾಶದ ಕಡೆ ಕಿವಿಗೊಟ್ಟರು. ನನ್ನ ಕಡೆ ಮಾತ್ರ ಯಾರೂ ನೋಡಲಿಲ್ಲ.